ನಾಳೆ ಬೆಳಿಗ್ಗೆ ಹತ್ತೂವರೆಗೆ

ಈ ಕಡೆ ತಲೆ ಹಾಕದೆ ಮೂರು ತಿಂಗಳಾಯ್ತು. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ. ಇದ್ದದ್ದು ಒಂದೇ ವಿಷಯ, ಅದನ್ನ ಬರೆಯಬೇಕೋ ಬೇಡವೋ ಅಂತ ತೀರ್ಮಾನಕ್ಕೆ ಬರೋಕೆ ಇಷ್ಟು ದಿನ ಬೇಕಾಯ್ತು. ಅಣ್ಣನ ಬಗ್ಗೆ ಹಿಂದೆ ಒಂದೆರಡು ಸಲ ಇಲ್ಲಿ ಸುಮ್ಮನೆ ಹೇಳಿ ಮುಂದೆ ಹೋಗಿದ್ದೆ. ಇವತ್ತು ಉದ್ದ ಬರೆಯುತ್ತೇನೆ, ಪುರುಸೊತ್ತು ಮಾಡಿಕೊಂಡು ಓದಿ.

ಅಣ್ಣನಿಗೆ ಈಗ 41 ವರ್ಷ. ಮೈಸೂರಲ್ಲಿ ಅಮ್ಮನ ಜೊತೆ ಇದ್ದಾನೆ. ಅವನಿಗೆ ಆಟಿಸಂ. ಹನ್ನೊಂದು ವರ್ಷ ಅವನು ದಿನಾ ಬೆಳಿಗ್ಗೆ ಹತ್ತೂವರೆಗೆ ಮನೆಯಿಂದ ಎರಡು ರಸ್ತೆ ಆಚೆ ಇರೋ ಒಂದು ಸಣ್ಣ ವಾಚನಾಲಯಕ್ಕೆ ಹೋಗುತ್ತಿದ್ದ. ಕಿಟಕಿ ಪಕ್ಕದ ಕುರ್ಚಿ ಅವನದು. ಹೋದ ತಕ್ಷಣ ಅಲ್ಲಿ ಹರಡಿ ಬಿದ್ದಿರೋ ಪೇಪರುಗಳನ್ನೆಲ್ಲ ಎತ್ತಿ, ಪುಟ ಸರಿಯಾಗಿ ಸೇರಿಸಿ, ಅಂಚಿಗೆ ಅಂಚು ಕೂಡಿಸಿ ಇಡುತ್ತಿದ್ದ. ಆಮೇಲೆ ಒಂದು ಪೇಪರು ತಗೊಂಡು ಕೊನೇ ಪುಟದಿಂದ ಓದೋಕೆ ಶುರು. ಹನ್ನೆರಡೂವರೆಗೆ ಎದ್ದು ಮನೆಗೆ. ವಾಚನಾಲಯ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು ಇವನು ಒಂದು ದಿನ ಬಾರದಿದ್ದರೆ ಸಂಜೆ ಮನೆ ಹತ್ತಿರ ಬಂದು "ಯಾಕಮ್ಮಾ, ಹುಷಾರಿಲ್ವಾ ಅವನಿಗೆ?" ಅಂತ ಗೇಟಿನಾಚೆಯಿಂದಲೇ ಕೇಳಿಕೊಂಡು ಹೋಗುತ್ತಿದ್ದರು.

ಅವರಿಗೆ ವಯಸ್ಸಾಯ್ತು, ಕೆಲಸ ಬಿಟ್ಟರು. ಹೊಸಬರು ಬಂದರು. ಬಂದ ಎರಡನೇ ವಾರಕ್ಕೇ ಅಮ್ಮನಿಗೆ ಬುಲಾವು. ಅಣ್ಣ ಓದುವಾಗ ಗಂಟಲೊಳಗೇ ಒಂದು ಶಬ್ದ ಮಾಡುತ್ತಾನೆ. ತಂಬೂರಿ ಮೀಟಿದ ಹಾಗೆ, ಒಂದೇ ಸಮ. ಅದು ಬೇರೆಯವರಿಗೆ ತೊಂದರೆ ಆಗ್ತಿದೆ, ಪರೀಕ್ಷೆಗೆ ಓದೋ ಹುಡುಗರು ಬರ್ತಾರೆ, ಕಂಪ್ಲೇಂಟ್ ಬಂದಿದೆ, ಇತ್ಯಾದಿ. ಕೊನೆಗೆ ಬಹಳ ಮೃದುವಾಗಿಯೇ ಹೇಳಿದರಂತೆ: "ತಪ್ಪು ತಿಳ್ಕೋಬೇಡಿ ಅಮ್ಮಾ, ಇಂಥವರಿಗೆ ಅಂತಲೇ ಬೇರೆ ಜಾಗ ಇರುತ್ತಲ್ಲಾ, ಅಲ್ಲಿ ಬಿಡಿ."

ಅಮ್ಮ ಜಗಳ ಆಡಲಿಲ್ಲ. ಅವಳಿಗೆ 71. ಜಗಳ ಆಡೋ ಶಕ್ತಿಯನ್ನ ಅವಳು ಎಂಬತ್ತು-ತೊಂಬತ್ತರ ದಶಕದ ಶಾಲೆಗಳ ಮೇಲೇ ಖರ್ಚು ಮಾಡಿ ಮುಗಿಸಿದ್ದಾಳೆ.

ಮಾರನೇ ದಿನ ಹತ್ತೂವರೆಗೆ ಅಣ್ಣ ಚಪ್ಪಲಿ ಹಾಕ್ಕೊಂಡು ಗೇಟಿನ ಹತ್ತಿರ ಹೋಗಿ ನಿಂತ. ಅಮ್ಮ "ಇವತ್ತು ಇಲ್ಲಪ್ಪಾ" ಅಂದಳು. ಅದರ ಮಾರನೇ ದಿನವೂ ನಿಂತ. ಹೀಗೇ ಐದು ವಾರ. ಹನ್ನೆರಡೂವರೆ ಆದ ಮೇಲೆ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದ. ಎರಡು ಗಂಟೆ, ಗೇಟಿನ ಹತ್ತಿರ. ನಾನು ಬೆಂಗಳೂರಲ್ಲಿ ಕೂತು ಇದನ್ನೆಲ್ಲ ಫೋನಿನಲ್ಲಿ ಕೇಳುತ್ತಿದ್ದೆ.

ಆ "ಬೇರೆ ಜಾಗ" ಹುಡುಕೋ ಕೆಲಸ ನನ್ನ ಪಾಲಿಗೆ ಬಂತು. ಸುಮಾರು ಇಪ್ಪತ್ತು ಕಡೆ ಫೋನು ಮಾಡಿರಬಹುದು. ಮೊದಲ ಪ್ರಶ್ನೆ ಎಲ್ಲಾ ಕಡೆ ಒಂದೇ: ಮಗುವಿಗೆ ಎಷ್ಟು ವರ್ಷ? ನಲವತ್ತೊಂದು ಅಂದ ಕೂಡಲೇ ಆ ಕಡೆ ಒಂದು ಕ್ಷಣ ಮೌನ. ಒಂದು ಕಡೆ ಆರು ವರ್ಷದೊಳಗಿನವರಿಗೆ ಮಾತ್ರ. ಒಂದು ಕಡೆ ಹದಿನೆಂಟರ ತನಕ. ಇನ್ನೊಂದು ಕಡೆ ಮೇಣದ ಬತ್ತಿ, ಪೇಪರ್ ಕವರ್ ಮಾಡೋದು ಕಲಿಸ್ತಾರಂತೆ, ಆದರೆ ಹೊಸಬರನ್ನ ಮೂವತ್ತರ ಮೇಲೆ ತಗೊಳ್ಳಲ್ಲ. ಮತ್ತೊಂದು ಕಡೆ ಅಲ್ಲೇ ಇರಿಸಿಕೊಳ್ಳುತ್ತಾರೆ, ಊರಾಚೆ, ಗೇಟು ದಾಟಿ ಹೊರಗೆ ಬರೋ ಹಾಗಿಲ್ಲ, ಮುಂಗಡ ಕಟ್ಟೋದು ನನ್ನ ಕೈಲಿ ಆಗೋ ಮಾತಲ್ಲ. ಯಾರೂ ಕೆಟ್ಟದಾಗಿ ಮಾತಾಡಲಿಲ್ಲ, ಅದೂ ಹೇಳಬೇಕು. ಆದರೆ ಎರಡು ಗಂಟೆ ಹೊತ್ತು ಹೋಗಿ ಕೂತು ಬರೋ ಒಂದು ಜಾಗ ಬೇಕು ಅಂದರೆ ಯಾರಿಗೂ ಅರ್ಥವೇ ಆಗುತ್ತಿರಲಿಲ್ಲ. "ಥೆರಪಿ ಬೇಕಾ? ಹಾಸ್ಟೆಲ್ ಬೇಕಾ?" ಎರಡೂ ಬೇಡ ಸ್ವಾಮಿ. ಒಂದು ಕುರ್ಚಿ ಬೇಕು.

ಅಲ್ಲಿಂದ ನನ್ನ ತಲೆಯಲ್ಲಿ ಕೊರೆಯುತ್ತಿರೋ ಮಾತು ಇದು. ನಮ್ಮಲ್ಲಿ ಆಟಿಸಂ ಅಂದರೆ ಎರಡೇ ಮಾತು. ಒಂದು, ಮಗು. ಪುಟ್ಟ ಮಗು, ಬೇಗ ಗುರುತಿಸಿ, ಬೇಗ ಥೆರಪಿ ಕೊಡಿಸಿ. ವಿಶ್ವಸಂಸ್ಥೆ ಏಪ್ರಿಲ್ 2ನ್ನು ಆಟಿಸಂ ಜಾಗೃತಿ ದಿನ ಅಂತ 2008ರಿಂದ ಆಚರಿಸುತ್ತಾ ಬಂದಿದೆ. ಅವತ್ತಿನ ಪೇಪರು ತೆಗೆದರೆ ಫೋಟೋದಲ್ಲಿ ಮಕ್ಕಳೇ. ಇನ್ನೊಂದು, ಅಪ್ಪ ಅಮ್ಮಂದಿರ ಆ ಪ್ರಶ್ನೆ: ನಾವು ಹೋದ ಮೇಲೆ ಇವನ ಗತಿ ಏನು? ಈ ಎರಡರ ನಡುವೆ ನಲವತ್ತು ಐವತ್ತು ವರ್ಷದ ಒಂದು ಬದುಕು ಇದೆ, ಅದಕ್ಕೆ ದಿನಾ ಬೆಳಗಾಗುತ್ತೆ, ತಿಂಡಿ ಆಗುತ್ತೆ, ಹತ್ತೂವರೆ ಆಗುತ್ತೆ ಅನ್ನೋದು ಯಾರ ಲೆಕ್ಕದಲ್ಲೂ ಇಲ್ಲ. ನನ್ನ ವಾದ ಏನಂದ್ರೆ, "ನಾವು ಹೋದ ಮೇಲೆ" ಅನ್ನೋದಕ್ಕೆ ಉತ್ತರ ಇರೋದು ಈ ಹತ್ತೂವರೆಯಲ್ಲೇ. ಅದನ್ನ ಖಾಲಿ ಬಿಟ್ಟು ಕೊನೆಗೆ ಒಂದು ಆಶ್ರಮ ಹುಡುಕಿದರೆ ಆಗೋದಿಲ್ಲ.

ಹೀಗೆ ಹೇಳೋಕೆ ನನಗೆ ಧೈರ್ಯ ಕೊಟ್ಟದ್ದು ಅಮೆರಿಕದ ಒಬ್ಬ ಮುದುಕನ ಕತೆ. ಕೆಲವರಿಗೆ ಗೊತ್ತಿರಬಹುದು, ಡೊನಾಲ್ಡ್ ಟ್ರಿಪ್ಲೆಟ್ ಅಂತ. ಲಿಯೋ ಕ್ಯಾನರ್ ಅನ್ನೋ ಮಕ್ಕಳ ಮನೋವೈದ್ಯ 1943ರಲ್ಲಿ ಹನ್ನೊಂದು ಮಕ್ಕಳನ್ನ ವಿವರಿಸಿ ಒಂದು ಪ್ರಬಂಧ ಬರೆದ. ಆಟಿಸಂ ಅನ್ನೋ ಗುರುತು ಇವತ್ತಿನ ಅರ್ಥಕ್ಕೆ ಬಂದದ್ದು ಬಹುಪಾಲು ಅಲ್ಲಿಂದ. ಅದರಲ್ಲಿ ಮೊದಲನೇ ಮಗು "ಡೊನಾಲ್ಡ್ ಟಿ." ಅಂದರೆ ಇವನೇ. (ಎಂಬತ್ತೊಂಬತ್ತು ವರ್ಷ ಬದುಕಿದವರನ್ನ ಏಕವಚನದಲ್ಲಿ ಕರೀತಿದ್ದೀನಿ, ನಮ್ಮಣ್ಣನ ಹಾಗೆ ಅಂದುಕೊಂಡದ್ದಕ್ಕೆ. ಕ್ಷಮಿಸಿ.)

1933ರಲ್ಲಿ ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಅನ್ನೋ ಊರಲ್ಲಿ ಹುಟ್ಟಿದ. ಕೆಲವೇ ಸಾವಿರ ಜನರ ಊರು. ಅಪ್ಪ ವಕೀಲ, ಅಮ್ಮನ ಮನೆಯವರದು ಊರಿನ ಬ್ಯಾಂಕು. ಮಗುವಿಗೆ ಮೂರು ವರ್ಷ ಆದಾಗ, ಆಗಿನ ವೈದ್ಯರ ಸಲಹೆಯಂತೆ, ಅವನನ್ನ ದೂರದ ಒಂದು ಸಂಸ್ಥೆಗೆ ಬಿಟ್ಟರು. ಬಿಟ್ಟು ಮರೆತುಬಿಡಿ ಅನ್ನೋದೇ ಆಗಿನ ಸಲಹೆ. ಸುಮಾರು ಒಂದು ವರ್ಷದ ಮೇಲೆ ಅಪ್ಪ ಅಮ್ಮ ಮನಸ್ಸು ಬದಲಾಯಿಸಿ ವಾಪಸ್ ಕರಕೊಂಡು ಬಂದರು. 1938ರಲ್ಲಿ ಅಪ್ಪ ಮಗನ ಬಗ್ಗೆ 33 ಪುಟದ ಒಂದು ಪತ್ರ ಬರೆಸಿ ಕ್ಯಾನರ್‌ಗೆ ಕಳಿಸಿದ.

ಮುಂದಿನದ್ದು ನನಗೆ ಬಹಳ ಇಷ್ಟ. 1942ರಲ್ಲಿ ಡೊನಾಲ್ಡನನ್ನ ಊರಿಂದ ಹತ್ತು ಮೈಲಿ ದೂರದ ಒಂದು ಹೊಲದ ಮನೆಯಲ್ಲಿ, ರೈತ ದಂಪತಿಗಳ ಜೊತೆ ಇರಿಸಿದರು. ಅವರೇನೂ ಮನೋವಿಜ್ಞಾನ ಓದಿದವರಲ್ಲ. ಹುಡುಗನಿಗೆ ಎಲ್ಲವನ್ನೂ ಅಳೆಯೋ ಗೀಳು, ಅವರು ಬಾವಿ ತೋಡೋಕೆ ಹಚ್ಚಿ ಎಷ್ಟು ಆಳ ಆಯ್ತು ಹೇಳು ಅಂದರು. ಜೋಳದ ಸಾಲು ಎಣಿಸುತ್ತಾ ಕೂರುತ್ತಿದ್ದ, ಉಳುತ್ತಾ ಎಣಿಸು ಅಂತ ಕುದುರೆ ನೇಗಿಲು ಕೈಗೆ ಕೊಟ್ಟರು. ಸತ್ತ ಹಕ್ಕಿ, ಹುಳ ತಂದು ಗುಡ್ಡೆ ಹಾಕುತ್ತಿದ್ದ, ಒಂದು ಮೂಲೆ ತೋರಿಸಿ ಇಲ್ಲಿ ಮಣ್ಣು ಮಾಡು ಅಂದರು. ಎಣಿಸಬೇಡ ಅಂತ ಕೈ ಕಟ್ಟಲಿಲ್ಲ ನೋಡಿ! ನೋಡೋಕೆ ಹೋದ ಕ್ಯಾನರ್ ಆ ದಂಪತಿಗಳ ಜಾಣ್ಮೆಗೆ ಬೆರಗಾಗಿ ಬರೆದಿದ್ದಾನೆ.

ಆಮೇಲೆ ಊರಿನ ಹೈಸ್ಕೂಲು, ಕಾಲೇಜು, 1958ರಲ್ಲಿ ಪದವಿ. ಮನೆಯವರ ಬ್ಯಾಂಕಿನಲ್ಲಿ ಕೆಲಸ. 27ನೇ ವಯಸ್ಸಿಗೆ ಕಾರು ಓಡಿಸೋದು ಕಲಿತ. ಗಾಲ್ಫ್ ಹುಚ್ಚು. ಒಬ್ಬನೇ ದೇಶ ದೇಶ ತಿರುಗಿದ. ಅಪ್ಪ ಅಮ್ಮ ಇಬ್ಬರೂ ಎಂಬತ್ತರ ದಶಕದಲ್ಲಿ ತೀರಿಕೊಂಡರು. ಅವನು ಅದೇ ಮನೆಯಲ್ಲಿ, ಅದೇ ಊರಲ್ಲಿ, ಇನ್ನೂ ಮೂರೂವರೆ ದಶಕಕ್ಕೂ ಹೆಚ್ಚು ಕಾಲ ಬದುಕಿ 2023ರ ಜೂನ್‌ನಲ್ಲಿ ಹೋದ. 2010ರಲ್ಲಿ ಜಾನ್ ಡಾನ್ವನ್ ಮತ್ತು ಕ್ಯಾರೆನ್ ಝುಕರ್ ಅನ್ನೋ ಇಬ್ಬರು ಪತ್ರಕರ್ತರು ಅವನನ್ನ ಹುಡುಕಿಕೊಂಡು ಫಾರೆಸ್ಟ್‌ಗೆ ಹೋದಾಗ ಊರಿನವರು, ಒಬ್ಬರಲ್ಲ, ಹಲವರು, ಡಾನ್‌ಗೆ ನೋವಾಗೋ ಹಾಗೆ ಏನಾದ್ರೂ ಬರೆದರೆ ನಿಮ್ಮನ್ನ ಸುಮ್ಮನೆ ಬಿಡಲ್ಲ ಅಂತ ಎಚ್ಚರಿಸಿದರಂತೆ. ಇದು ಪ್ರೀತಿ ಹೌದು, ಆದರೆ ಇದಕ್ಕೆ ಎಪ್ಪತ್ತು ವರ್ಷದ ಪರಿಚಯ ಬೇಕಾಯ್ತು. ದಿನಾ ಕಾಫಿ ಕುಡಿಯೋಕೆ ಬಂದವನು, ದಿನಾ ಬ್ಯಾಂಕಿನ ಮೇಜಿನ ಹಿಂದೆ ಕಂಡವನು, ತನ್ನ ಪರಿಚಯದವರಿಗೆಲ್ಲ ಒಂದೊಂದು ನಂಬರು ಕೊಟ್ಟವನು. "ನಾವು ಹೋದ ಮೇಲೆ" ಅವನನ್ನ ನೋಡಿಕೊಂಡದ್ದು ಆ ಪರಿಚಯ.

ಕ್ಯಾನರ್ 1971ರಲ್ಲಿ ಆ ಹನ್ನೊಂದು ಮಕ್ಕಳು ಏನಾದರು ಅಂತ ಮತ್ತೆ ಹುಡುಕಿ ಬರೆದ. ಚಿಕ್ಕಂದಿನಲ್ಲೇ ಸರ್ಕಾರಿ ಮಾನಸಿಕ ಆಸ್ಪತ್ರೆಗಳಿಗೆ ಸೇರಿದವರ ಬಗ್ಗೆ ಓದೋಕೆ ಆಗಲ್ಲ. ಇದ್ದ ಚುರುಕೂ ಹೋಗಿ ಮೂಲೆ ಸೇರಿದ್ದರು. ಡೊನಾಲ್ಡನ ಜೊತೆಯವರೇ ಅವರೂ.

ಇಲ್ಲಿ ನಾನೇ ನನಗೆ ತಡೆ ಹಾಕಿಕೊಳ್ಳಬೇಕು. ಬ್ಯಾಂಕು ಮನೆಯವರದ್ದೇ. ಅವನ ಹೆಸರಲ್ಲಿ ಟ್ರಸ್ಟು ಮಾಡಿಟ್ಟು ಹೋಗಿದ್ದರು. ಅದು ಬಿಳಿಯರಿಗೊಂದು ಕರಿಯರಿಗೊಂದು ಶಾಲೆ, ಒಂದು ನಲ್ಲಿ ಅಂತ ಬೇರೆ ಮಾಡಿಟ್ಟಿದ್ದ ಕಾಲದ ಮಿಸಿಸಿಪ್ಪಿ. ಅದೇ ಊರಿನ ಕಪ್ಪು ಜನರ ಕೇರಿಯಲ್ಲಿ ಇಂಥದ್ದೇ ಒಬ್ಬ ಹುಡುಗ ಹುಟ್ಟಿದ್ದರೆ ಯಾವ ಪ್ರೊಫೆಸರಿಗೂ 33 ಪುಟದ ಪತ್ರ ಹೋಗುತ್ತಿರಲಿಲ್ಲ. ಹಾಗಾಗಿ "ಹಳ್ಳಿ ಜನ ಒಳ್ಳೆಯವರು, ಪಟ್ಟಣ ಕೆಟ್ಟದ್ದು" ಅನ್ನೋ ತೀರ್ಮಾನಕ್ಕೆ ದಯವಿಟ್ಟು ಜಿಗೀಬೇಡಿ. ನಮ್ಮ ಅಜ್ಜಿ ಊರಲ್ಲೂ ಒಬ್ಬರಿದ್ದರು, ದೇವಸ್ಥಾನದ ಕಟ್ಟೆ ಮೇಲೆ ಕೂತು ತೂಗುತ್ತಾ ಇರುತ್ತಿದ್ದರು. ಊಟ ಹಾಕುತ್ತಿದ್ದವರೂ ಊರಿನವರೇ, ಹುಡುಗರು ಕಲ್ಲು ಎಸೆದಾಗ ನಗುತ್ತಿದ್ದವರೂ ಊರಿನವರೇ. ಅವರ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಎಲ್ಲರೂ ಅವರನ್ನ ಕರೆಯುತ್ತಿದ್ದದ್ದು ಹೆಸರಲ್ಲದ ಒಂದು ಹೆಸರಿಂದ.

ಡೊನಾಲ್ಡನ ಬಗ್ಗೆ ಇನ್ನೊಂದು ಕತೆ ಹೇಳಲೇಬೇಕು. ಹೈಸ್ಕೂಲಿನ ಗೋಡೆಯಲ್ಲಿ ಎಷ್ಟು ಇಟ್ಟಿಗೆ ಇದೆ ಅಂತ ಹುಡುಗರು ಕೇಳಿದ್ದಕ್ಕೆ ಅವನು ಒಂದೇ ನೋಟಕ್ಕೆ ನಂಬರು ಹೇಳಿದ ಅಂತ ಊರಲ್ಲೆಲ್ಲ ಪ್ರಸಿದ್ಧಿ. ದಶಕಗಳ ಮೇಲೆ ಪತ್ರಕರ್ತರು ಕೇಳಿದಾಗ ಅವನು ಒಪ್ಪಿಕೊಂಡ, ಎಣಿಸಿರಲೇ ಇಲ್ಲ, ಬಾಯಿಗೆ ಬಂದ ನಂಬರು ಹೇಳಿದ್ದೆ ಅಂತ. ಯಾಕೆ ಅಂದರೆ, ಆ ಹುಡುಗರು ತನ್ನ ಬಗ್ಗೆ ಒಳ್ಳೇದು ಅಂದುಕೊಳ್ಳಲಿ ಅಂತ.

ಇದನ್ನ ಓದಿದ ದಿನ ನನಗೆ ಊಟ ಸೇರಲಿಲ್ಲ. ಕನ್ನಡದಲ್ಲಿ ಆಟಿಸಂಗೆ "ಸ್ವಲೀನತೆ" ಅಂತ ಒಂದು ಪದ ಮಾಡಿಟ್ಟಿದ್ದಾರೆ. ಸರ್ಟಿಫಿಕೇಟುಗಳಲ್ಲಿ, ಪೇಪರುಗಳಲ್ಲಿ ಅದೇ ಬರುತ್ತೆ. ತನ್ನೊಳಗೇ ಲೀನ ಆದವನು. ಕೇಳೋಕೆ ಯಾವುದೋ ಋಷಿಗೆ ಕೊಟ್ಟ ಬಿರುದಿನ ಹಾಗಿದೆ. ಆದರೆ ಅದು ಸುಳ್ಳು ಹೇಳುತ್ತೆ. ಜನ ತನ್ನನ್ನ ಮೆಚ್ಚಲಿ ಅಂತ ಇಟ್ಟಿಗೆ ಲೆಕ್ಕ ಸುಳ್ಳು ಹೇಳಿದ ಹುಡುಗ ಯಾವ ಸ್ವದಲ್ಲಿ ಲೀನ ಆಗಿದ್ದ ಹೇಳಿ? ಐದು ವಾರ ಗೇಟಿನ ಹತ್ತಿರ ನಿಂತ ನಮ್ಮಣ್ಣ? ಡೇಮಿಯನ್ ಮಿಲ್ಟನ್ ಅಂತ ಇಂಗ್ಲೆಂಡಿನ ಒಬ್ಬ ಸಂಶೋಧಕ, ಸ್ವತಃ ಆಟಿಸಂ ಇರುವವರು, 2012ರಲ್ಲಿ ಒಂದು ಮಾತು ಮುಂದಿಟ್ಟರು. ಆಟಿಸಂ ಇರುವವರಿಗೆ ಬೇರೆಯವರ ಮನಸ್ಸು ಅರ್ಥ ಆಗಲ್ಲ ಅಂತ ಎಲ್ಲರೂ ಹೇಳುತ್ತೀರಲ್ಲ, ನಿಮಗೆ ಅವರ ಮನಸ್ಸು ಅರ್ಥ ಆಗುತ್ತಾ? ಅರ್ಥ ಆಗದೇ ಇರೋದು ಎರಡೂ ಕಡೆಯಿಂದ. ಆದರೆ ಕೊರತೆ ಅಂತ ಬರೆಯೋದು ಒಂದೇ ಕಡೆಯವರ ಲೆಕ್ಕಕ್ಕೆ. ಇಷ್ಟೇ ವಾದ. ಒಮ್ಮೆ ಕೇಳಿದ ಮೇಲೆ ಮರೆಯೋಕಾಗದ ವಾದ.

ಆಟಿಸಂ ಇರುವವರು ತಮ್ಮದೇ ಜಾಗ ಮಾಡಿಕೊಂಡ ಉದಾಹರಣೆಯೂ ಇದೆ. ಜಿಮ್ ಸಿಂಕ್ಲೇರ್ ಮತ್ತು ಸಂಗಡಿಗರು ಅಮೆರಿಕದಲ್ಲಿ 1996ರಿಂದ 2013ರ ತನಕ "ಆಟ್ರೀಟ್" ಅನ್ನೋ ಶಿಬಿರ ನಡೆಸುತ್ತಿದ್ದರು. ಅಪ್ಪ ಅಮ್ಮಂದಿರ ಸಮ್ಮೇಳನ ಅಲ್ಲ, ವೈದ್ಯರದ್ದೂ ಅಲ್ಲ. ಆಟಿಸಂ ಇರುವ ವಯಸ್ಕರು ತಮಗೆ ಬೇಕಾದ ಹಾಗೆ ಕಟ್ಟಿಕೊಂಡದ್ದು. ಇಂಗ್ಲೆಂಡಿನಲ್ಲಿ 2005ರಲ್ಲಿ "ಆಟ್‌ಸ್ಕೇಪ್" ಶುರುವಾಯ್ತು, ಅದೇ ಮಾದರಿಯಲ್ಲಿ. ಅಲ್ಲಿನ ಒಂದು ಪದ್ಧತಿ ನನಗೆ ಬಹಳ ಹಿಡಿಸಿತು. ಎಲ್ಲರಿಗೂ ಬಣ್ಣದ ಬ್ಯಾಡ್ಜು. ಕೆಂಪು ಅಂದರೆ ನನ್ನನ್ನ ಮಾತಾಡಿಸಬೇಡಿ. ಹಳದಿ ಅಂದರೆ ಮೊದಲೇ ಪರಿಚಯ ಇದ್ದವರು ಮಾತ್ರ ಮಾತಾಡಿಸಿ. ಹಸಿರು ಅಂದರೆ ಮಾತಾಡೋಕೆ ಆಸೆ ಇದೆ, ಶುರು ಮಾಡೋಕೆ ಬರಲ್ಲ, ನೀವೇ ಬನ್ನಿ. ಸುಮ್ಮನಿರೋದು ಅಲ್ಲಿ ಅಹಂಕಾರ ಅಲ್ಲ. ಅರ್ಧದಲ್ಲಿ ಎದ್ದು ಹೋಗೋದು ಅವಮಾನ ಅಲ್ಲ.

ಈ ಬ್ಯಾಡ್ಜನ್ನ ನಮ್ಮ ಮದುವೆ ಮನೆಗಳಿಗೆ ತಂದರೆ ಹೇಗಿರುತ್ತೆ ಅಂತ ಯೋಚನೆ ಮಾಡಿ. "ಯಾವಾಗ ಮದುವೆ?" "ಎಷ್ಟು ಸಂಬಳ?" "ಯಾಕೆ ಇಷ್ಟು ದಪ್ಪ ಆಗಿದ್ದೀಯ?" ಎಲ್ಲದಕ್ಕೂ ಒಂದು ಕೆಂಪು ಬ್ಯಾಡ್ಜು! ಅರ್ಧ ಬ್ಲಾಗರುಗಳು ಮೊದಲ ಸಾಲಲ್ಲಿ ನಿಂತು ಇಸ್ಕೋತೀರಿ, ಗೊತ್ತು ನನಗೆ.

ನಗೆ ಬಂತು ಅಂತ ಬರೆದೆ. ಆದರೆ ಮದುವೆ ಮನೆ ವಿಷಯ ಬಂದ ಮೇಲೆ ಇದನ್ನೂ ಬರೆಯಬೇಕು. ನನ್ನ ಮದುವೆಯ ದಿನ ಅಣ್ಣ ಛತ್ರದಲ್ಲಿ ಇರಲಿಲ್ಲ. ವಾಲಗ, ಮೈಕು, ಐನೂರು ಜನ, ಅವನಿಗೆ ಕಷ್ಟ ಆಗುತ್ತೆ ಅಂತ ಪಕ್ಕದ ಮನೆಯವರ ಹತ್ತಿರ ಬಿಟ್ಟು ಹೋಗಿದ್ದೆವು. ಅವನಿಗೆ ಕಷ್ಟ ಆಗುತ್ತೆ ಅನ್ನೋದು ನಿಜ. ಗಂಡಿನ ಕಡೆಯವರು ನೋಡಿದರೆ ನನಗೆ ಕಷ್ಟ ಆಗುತ್ತೆ ಅನ್ನೋದೂ ನಿಜ. ಎರಡನೇದನ್ನ ನಾನು ಯಾರಿಗೂ ಹೇಳಿರಲಿಲ್ಲ, ನಮ್ಮೆಜಮಾನರಿಗೂ. ಈಗ ಅವರೂ ಇಲ್ಲೇ ಓದಿಕೊಳ್ಳಲಿ. ಮಾಡಬಹುದಾಗಿತ್ತು. ಛತ್ರದಲ್ಲಿ ಮೇಲೆ ಒಂದು ರೂಮು ಖಾಲಿ ಇತ್ತು, ಬಾಗಿಲು ಹಾಕಿಕೊಂಡು ಕೂರಬಹುದಿತ್ತು. ಧಾರೆ ಹೊತ್ತಿಗೆ ಐದು ನಿಮಿಷ ವಾಲಗ ನಿಲ್ಲಿಸಿ ಅಂದಿದ್ದರೆ ಆಕಾಶ ಬೀಳುತ್ತಿರಲಿಲ್ಲ. ಕೇಳಬೇಕು ಅಂತ ಹೊಳೆಯಲೇ ಇಲ್ಲ. ಹಾಗಾಗಿ ಆ ವಾಚನಾಲಯದ ಹೊಸಬರನ್ನ ಬಯ್ಯೋಕೆ ನನಗೆ ಪೂರ್ತಿ ಬಾಯಿ ಬರಲ್ಲ.

ಕಾನೂನು ಏನನ್ನುತ್ತೆ ಅಂತ ಕೆಲವರು ಕೇಳಬಹುದು. ಚೆನ್ನಾಗಿಯೇ ಅನ್ನುತ್ತೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂ ಇರಲೇ ಇಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಬಂತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳ ಪಟ್ಟಿಯೊಳಗೆ ಸೇರಿತು. ಅದರ 5ನೇ ಸೆಕ್ಷನ್ನು ಅಂಗವಿಕಲರಿಗೆ ಸಮುದಾಯದ ನಡುವೆ ಬದುಕೋ ಹಕ್ಕಿದೆ ಅಂತ ನೇರವಾಗಿ ಹೇಳುತ್ತೆ. ಅವರಿಗೆ ಬೇಕಾದ ಸಣ್ಣಪುಟ್ಟ ಅನುಕೂಲ, ಅತಿಯಾದ ಹೊರೆ ಆಗದ ಹಾಗೆ ಮಾಡಿಕೊಡಬಹುದಾದದ್ದನ್ನ ಮಾಡಿಕೊಡದೇ ಇರೋದು ಕೂಡ ತಾರತಮ್ಯವೇ ಅಂತಲೂ ಇದೆ. ಅಣ್ಣನಿಗೆ ಕಾರ್ಡಿದೆ, ನಿರಾಮಯ ವಿಮೆ ಇದೆ, ಹದಿನೆಂಟು ತುಂಬಿದ ಮೇಲೆ ಅಮ್ಮನೇ ಕಾನೂನಿನ ಪ್ರಕಾರ ಪೋಷಕಿ ಅಂತ ಜಿಲ್ಲಾಧಿಕಾರಿಗಳ ಸಮಿತಿಯಿಂದ ಬರೆಸಿಕೊಂಡ ಕಾಗದವೂ ಇದೆ. ಅಮ್ಮ ಇವನ್ನೆಲ್ಲ ಒಂದು ಹಳೇ ಬಿಸ್ಕತ್ ಡಬ್ಬಿಯಲ್ಲಿ ಇಟ್ಟಿದ್ದಾಳೆ. ಆ ಡಬ್ಬಿ ತಗೊಂಡು ವಾಚನಾಲಯಕ್ಕೆ ಹೋಗಿ 5ನೇ ಸೆಕ್ಷನ್ ತೋರಿಸಬಹುದಿತ್ತು. ತೋರಿಸಿದರೆ ಕುರ್ಚಿ ಸಿಗುತ್ತಿತ್ತೇನೋ. ಆದರೆ ಬಾರದ ದಿನ ಯಾಕೆ ಬರಲಿಲ್ಲ ಅಂತ ಗೇಟಿನ ಹತ್ತಿರ ಬಂದು ಕೇಳೋರು ಸಿಗುತ್ತಿರಲಿಲ್ಲ.

ಹಾಗಂತ ಪರೀಕ್ಷೆಗೆ ಓದೋ ಆ ಹುಡುಗರನ್ನ ನಾನು ತಳ್ಳಿಹಾಕಲ್ಲ. ನಾನೂ ಹಾಗೆ ಓದಿದವಳೇ. ಪಕ್ಕದಲ್ಲಿ ಯಾರಾದರೂ ಎರಡು ಗಂಟೆ "ಮ್ಮ್ಮ್ಮ್" ಅಂತಿದ್ದರೆ ನನಗೂ ಸಿಟ್ಟು ಬರುತ್ತಿತ್ತು. ಆದರೆ ಹಳೆಯವರ ಕಾಲದಲ್ಲೂ ಹುಡುಗರು ಓದುತ್ತಿದ್ದರು, ಅಣ್ಣ ಆಗಲೂ ಶ್ರುತಿ ಹಿಡಿಯುತ್ತಿದ್ದ. ಅವರೇನು ಮಾಡಿದ್ದರು ಅಂದರೆ ಪೇಪರಿನ ಮೇಜನ್ನ ಮುಂಬಾಗಿಲ ಕಡೆ, ರಸ್ತೆ ಸದ್ದು ಹೇಗೂ ಬರೋ ಕಡೆ ಇಟ್ಟು, ಓದೋ ಹುಡುಗರನ್ನ ಒಳಕೋಣೆಗೆ ಕಳಿಸಿದ್ದರು. ಅಷ್ಟೇ. ಯಾವ ತರಬೇತಿಯೂ ಇಲ್ಲ, ಯಾವ ಬೋರ್ಡೂ ಇಲ್ಲ. ಹೊಸಬರು ಬಂದು ಮೇಜು ಒಳಗೆ ಹಾಕಿಸಿದರು, ತೊಂದರೆ ಶುರುವಾಯ್ತು. ಮಿಸಿಸಿಪ್ಪಿಯ ಆ ರೈತ ಕೈಗೆ ನೇಗಿಲು ಕೊಟ್ಟದ್ದು ನೆನಪಾಗುತ್ತೆ ನನಗೆ.

ಆದರೆ ಇದರಲ್ಲೇ ಇನ್ನೊಂದು ಸಮಸ್ಯೆಯೂ ಇದೆ. ಹನ್ನೊಂದು ವರ್ಷದ ಏರ್ಪಾಡು ಒಬ್ಬರು ಒಳ್ಳೆ ಮನುಷ್ಯರ ಮೇಲೆ ನಿಂತಿತ್ತು. ಅವರು ಹೋದರು, ಏರ್ಪಾಡು ಹೋಯ್ತು. ಅಂಥವರು ಎಲ್ಲಾ ಕಡೆ ಸಿಗುತ್ತಾರೆ ಅಂತ ಕಾಯೋಕಾಗಲ್ಲ. ಸಂಘ ಸಂಸ್ಥೆಗಳು, ನಿಯಮಗಳು, ಹೊಸದಾಗಿ ಬಂದವರಿಗೆ "ನೋಡಿ, ಇವರು ಹೀಗೆ, ಇವರ ಮೇಜು ಇಲ್ಲಿ" ಅಂತ ಬರೆದಿಟ್ಟು ಹೋಗೋ ಒಂದು ಚೀಟಿ, ಇದೆಲ್ಲ ಬೇಕು. ಇಂಗ್ಲೆಂಡಿನ ಮಾರಿಸನ್ಸ್ ಅನ್ನೋ ಸೂಪರ್ ಮಾರ್ಕೆಟ್ಟು 2018ರಲ್ಲಿ ಶನಿವಾರ ಬೆಳಿಗ್ಗೆ ಒಂದು ಗಂಟೆ ಹಾಡು ನಿಲ್ಲಿಸಿ ದೀಪ ಮಂದ ಮಾಡೋ ಪದ್ಧತಿ ಶುರು ಮಾಡಿತು. ಅದು ಯಾರೋ ಒಬ್ಬ ಮ್ಯಾನೇಜರಿನ ಒಳ್ಳೆತನದ ಮೇಲೆ ನಿಂತಿರಲಿಲ್ಲ, ಅಂಗಡಿಯ ನಿಯಮವಾಗಿತ್ತು. ನಮ್ಮಲ್ಲಿ 2017ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾದ ಮಿಟ್ಟಿ ಕೆಫೆ ಇದೆ. ಅಂಗವಿಕಲರೇ ನಡೆಸೋ ಕಾಫಿ ಅಂಗಡಿ, 2023ರಲ್ಲಿ ಸುಪ್ರೀಂ ಕೋರ್ಟಿನ ಆವರಣದಲ್ಲೂ ಒಂದು ತೆರೆಯಿತು. ನನಗೆ ಅದರ ಬಗ್ಗೆ ಗೌರವ ಇದೆ. ಆದರೆ ಅಣ್ಣನಿಗೆ ಅಲ್ಲಿ ಕೆಲಸ ಮಾಡೋಕಾಗಲ್ಲ. ಹೊಸ ಮುಖಗಳು, ದುಡ್ಡಿನ ಲೆಕ್ಕ, ಆಗಲ್ಲ. ಕೆಲಸ ಮಾಡಬಲ್ಲವನಿಗೆ ಮಾತ್ರ ಊರಲ್ಲಿ ಜಾಗ ಅನ್ನೋದಾದರೆ ಅವನು ಮತ್ತೆ ಗೇಟಿನ ಹತ್ತಿರವೇ. ಪರಿಚಯ ಆದವರೆಲ್ಲ ಕೇಳುತ್ತಾರೆ, ಇವರಿಗೆಲ್ಲ ಏನಾದರೊಂದು ವಿಶೇಷ ಪ್ರತಿಭೆ ಇರುತ್ತಲ್ವಾ, ಇವನಿಗೆ ಏನಿದೆ ಅಂತ. ಏನೂ ಇಲ್ಲ. ನನಗೂ ಏನೂ ಇಲ್ಲ, ನನ್ನನ್ನ ಯಾರೂ ಕೇಳಲ್ಲ.

ಈಗಿನ ಸಮಾಚಾರ ಹೇಳಿ ಮುಗಿಸುತ್ತೇನೆ. ಆರನೇ ವಾರ ಅಮ್ಮ ರಾಗಿ ಬೀಸಿಸೋಕೆ ಹೋಗುವಾಗ ಅಣ್ಣನನ್ನೂ ಕರಕೊಂಡು ಹೋದಳು, ಮನೆಯಲ್ಲಿ ಬಿಟ್ಟು ಹೋಗೋ ಹಾಗಿರಲಿಲ್ಲ ಅಂತ. ಹಿಟ್ಟಿನ ಗಿರಣಿ ಸದ್ದು ನಿಮಗೆ ಗೊತ್ತಲ್ಲ. ಕುಕ್ಕರ್ ಸೀಟಿಗೆ ಕಿವಿ ಮುಚ್ಚಿಕೊಂಡು ಕೋಣೆಗೆ ಓಡೋನು ಇವನು, ಇವತ್ತು ಗಲಾಟೆ ಗ್ಯಾರಂಟಿ ಅಂತ ಅಮ್ಮ ಹೆದರಿದ್ದಳಂತೆ. ಅಣ್ಣ ಬಾಗಿಲಲ್ಲಿ ಒಂದು ನಿಮಿಷ ನಿಂತು ಕೇಳಿದ. ಆಮೇಲೆ ಒಳಗೆ ಹೋಗಿ ಬೆಂಚಿನ ಮೇಲೆ ಕೂತ. ಗಂಟಲೊಳಗೆ ಅದೇ ಶ್ರುತಿ ಹಿಡಿದ. ಗಿರಣಿದೂ ಅವನದೂ ಹೆಚ್ಚು ಕಮ್ಮಿ ಒಂದೇ ಸ್ವರ. ಆ ಸದ್ದಿನಲ್ಲಿ ಇವನ ಸದ್ದು ಯಾರಿಗೆ ಕೇಳಬೇಕು!

ಮಾರನೇ ದಿನ ಹತ್ತೂವರೆಗೆ ಚಪ್ಪಲಿ ಹಾಕ್ಕೊಂಡು ಗೇಟು ದಾಟಿ ಅವನೇ ಗಿರಣಿ ಕಡೆ ತಿರುಗಿದ. ಅಮ್ಮ ಹಿಂದೆ ಓಡಿಹೋಗಿ ಗಿರಣಿಯವರ ಹತ್ತಿರ ಸಂಕೋಚದಿಂದ ವಿಷಯ ಹೇಳಿದಳು. ಅವರು "ಕೂತ್ಕೊಳ್ಳಲಿ ಬಿಡಿ ಅಮ್ಮಾವ್ರೇ, ಬೆಂಚು ಏನು ಸವೆಯುತ್ತಾ?" ಅಂದರಂತೆ. ಈಗ ಎರಡು ತಿಂಗಳಾಯ್ತು. ಜನ ಬೀಸೋಕೆ ಇಟ್ಟು ಹೋದ ಡಬ್ಬಗಳನ್ನ ಅವನು ಬಂದ ಕ್ರಮದಲ್ಲಿ ಸಾಲಾಗಿ ಜೋಡಿಸಿಡುತ್ತಾನೆ. ಮಧ್ಯೆ ತಂದು ತೂರಿಸೋಕೆ ನೋಡಿದರೆ ಎತ್ತಿ ಕೊನೆಗೆ ಇಡುತ್ತಾನೆ. ಇದರಿಂದ ಒಬ್ಬರು ಆಂಟಿಗೆ ಬಹಳ ಕೋಪ ಬಂದಿದೆ, ಅದೊಂದು ಬೇರೆ ಕತೆ. ಗಿರಣಿಯವರ ಮಗನಿಗೂ ಅಮ್ಮ ಎಲ್ಲಾ ವಿವರಿಸಿ ಹೇಳಿದ್ದಾಳೆ, ಅಪ್ಪನಿಗೆ ಮಾತ್ರ ಗೊತ್ತಿದ್ದರೆ ಸಾಲದು ಅಂತ. ಹನ್ನೊಂದು ವರ್ಷದಿಂದ ಕಲಿತದ್ದು.

ಗಿರಣಿಗೆ ಮಂಗಳವಾರ ರಜ. ಮಂಗಳವಾರ ಅವನು ಇನ್ನೂ ಗೇಟಿನ ಹತ್ತಿರವೇ ನಿಲ್ಲುತ್ತಾನೆ. ಮೈಸೂರಲ್ಲಿ ಇರೋರು, ನಿಮ್ಮ ಪೈಕಿ ಯಾರದ್ದಾದರೂ ಅಂಗಡಿಯೋ, ಪ್ರೆಸ್ಸೋ, ಹೊಲಿಗೆ ಅಂಗಡಿಯೋ, ಮಂಗಳವಾರ ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡೂವರೆ ತನಕ ಒಂದು ಕುರ್ಚಿ ಹಾಕೋಕೆ ಜಾಗ ಇದ್ದರೆ ಹೇಳಿ. ಅವನು ಹೆಚ್ಚು ಮಾತಾಡಲ್ಲ. ಗಂಟಲಲ್ಲಿ ಶ್ರುತಿ ಹಿಡಿಯುತ್ತಾನೆ, ಅದನ್ನ ಮೊದಲೇ ಹೇಳಿಬಿಡುತ್ತೇನೆ.